ಬೆಳೆದ ಮಗನ ಮನೋವ್ಯಾಧಿ

20 ವರ್ಷದ ಮಗನು, ನೆರೆಯವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಾರೆಂದು ಬಾಗಿಲಿಕ್ಕಿಕೊಂಡು ಕುಳಿತರೆ ಹೆತ್ತವರು ಏನು ಮಾಡಬೇಕು? ಸ್ಕಿಜೋಫ್ರೀನಿಯಾ ಎಂಬ ವ್ಯಾಧಿ ತಲೆದೋರುವುದು ಬಹುಮಟ್ಟಿಗೆ ಈ ಹರೆಯದಲ್ಲಿಯೇ. ಅದು ಸೋಮಾರಿತನವಲ್ಲ; ಮದುವೆ ಮಾಡಿದರೆ ಹೋಗುವಂಥದೂ ಅಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆಯವರು ಬಸ್ಸು ಹಿಡಿದು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಿಬರಬಹುದು. ನಿಜವಾದ ಕಷ್ಟ ಮನೆಗೆ ಮರಳಿದ ಮೇಲೆ. ಮಗನು ಮಾತ್ರೆ ಒಲ್ಲೆನೆನ್ನುತ್ತಾನೆ. ತಾಯಿ ಕಣ್ಣೀರಿಡುತ್ತ ಅದನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸುತ್ತಾಳೆ. ಮಮತೆಯ ಕೆಲಸವೇ ಸರಿ. ಆದರೆ ಅದು ಒಂದು ದಿನ ಅವನಿಗೆ ತಿಳಿದರೆ? ಅನ್ನದಲ್ಲಿ ವಿಷವಿಕ್ಕುತ್ತಾರೆಂಬ ಸಂಶಯಕ್ಕೆ ಸಾಕ್ಷಿ ಸಿಕ್ಕಂತಾಗಿ, ಊಟವೂ ಮದ್ದೂ ಒಟ್ಟಿಗೆ ನಿಲ್ಲುತ್ತವೆ.

ಬೇಡವೇಕೆಂದು ಅವನನ್ನೇ ಕೇಳಬೇಕು. ಕೈನಡುಕ, ಜಡನಿದ್ದೆ, ಮೈ ಬರುವುದು ಮಾತ್ರೆಯಿಂದಲೇ ಆಗಬಹುದು. ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಮದ್ದನ್ನೋ ಬದಲಿಸಿಯಾರು. 2–4 ವಾರಗಳಿಗೊಮ್ಮೆ ಕೊಡುವ ಸೂಜಿಮದ್ದೂ ಉಂಟು. ಅವನಿಗೆ ಕೇಳಿಸುವ ದನಿಗಳು ಸುಳ್ಳೆಂದು ವಾದಿಸಿ ಗೆಲ್ಲಲಾಗದು. “ನನಗೆ ಕೇಳಿಸದಪ್ಪ, ನಿನಗೆ ಅಂಜಿಕೆಯಾಗುವುದು ಮಾತ್ರ ತಿಳಿಯುತ್ತದೆ” ಎಂದರೆ ಸಾಕು. ಹೊಳೆಗೂ ಪ್ರೀತಿಗೂ ನಾವು ಸಲೀಸಾಗಿ ಆಡುವ ‘ಹುಚ್ಚು’ ಎಂಬ ಮಾತು ಅವನ ಕಿವಿಗೆ ಬೀಳದಿರಲಿ.

ಅವನು ಬಾಲಕನಲ್ಲ. 2017ರ ಮಾನಸಿಕ ಆರೋಗ್ಯ ಕಾನೂನಿನಂತೆ, ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ನೆಮ್ಮದಿಯಿರುವಾಗಲೇ ಬರೆದಿಡಬಹುದು. ತಂದೆಯನ್ನು ಬಿಟ್ಟು ಅಕ್ಕನನ್ನು ಹೆಸರಿಸಿದರೆ ತಂದೆ ಮುನಿಯಬಾರದು.

ಸಾಯುವ ಮಾತು ಬಂದರೆ ಒಬ್ಬನನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಡುರಾತ್ರಿ ದಿಕ್ಕು ತೋಚದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಯುಂಟು: 14416. ಕನ್ನಡದಲ್ಲಿಯೇ ಮಾತನಾಡಬಹುದು; ಹಣ ಕೊಡಬೇಕಾಗಿಲ್ಲ.