ಮಾಯಾನಗರಿಯ ತಳವಾರರು

ಮಂತ್ರದಿಂದ ಬಾಗಿಲು ತೆರೆಯುವುದು, ಅಂಜನ ಹಚ್ಚಿಕೊಂಡು ಕಣ್ಮರೆಯಾಗುವುದು, ಪಹರೆಯವರನ್ನು ನಿಂತಲ್ಲಿಯೇ ನಿದ್ರೆಗೆಡಹುವುದು, ಇಂತಹ ವಿದ್ಯೆಗಳು ಬೀದಿಗೊಬ್ಬರಿಗೆ ತಿಳಿದಿರುವ ನಗರವೊಂದನ್ನು ನಮ್ಮ ವಾಚಕರು ಊಹಿಸಿಕೊಳ್ಳಲಿ. ಆ ಊರಿನಲ್ಲಿ ರಾತ್ರಿ ಗಸ್ತು ತಿರುಗುವವನ ಪಾಡೇನು? ಅವನ ಕೈಯಲ್ಲಿರುವುದು ಒಂದು ದೊಣ್ಣೆ, ಒಂದು ದೀವಟಿಗೆ. ಮಂತ್ರವಾದಿಯು ತಪ್ಪಿಸಿಕೊಂಡರೆ ಮಾತ್ರ ಅರಸನು ಕೇಳುವುದು ಇವನನ್ನೇ.

ಇಂಗ್ಲಿಷಿನ ಅದ್ಭುತಕಥೆಗಳನ್ನು ಓದುವ ನಮ್ಮ ಮನೆಗಳ ಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಟೆರಿ ಪ್ರ್ಯಾಚೆಟ್ (1948–2015) ಎಂಬ ಆಂಗ್ಲ ಲೇಖಕನು 1989ರಲ್ಲಿ ‘ಗಾರ್ಡ್ಸ್! ಗಾರ್ಡ್ಸ್!’ ಎಂಬ ಕಾದಂಬರಿಯಲ್ಲಿ ಇದನ್ನೇ ಎತ್ತಿಕೊಂಡನು. ಅವನ ಆಂಕ್-ಮಾರ್ಪಾರ್ಕ್ ನಗರದಲ್ಲಿ ಮಾಂತ್ರಿಕರಿಗೊಂದು ವಿಶ್ವವಿದ್ಯಾಲಯವೂ, ಕಳ್ಳರಿಗೆ ಸರಕಾರದ ಮನ್ನಣೆ ಪಡೆದ ಸಂಘವೂ ಇರುವುವು. ಊರ ಮೇಲೆ ಬೆಂಕಿಯುಗುಳುವ ರೆಕ್ಕೆಯ ಸರ್ಪವೊಂದು ಬಂದಾಗ ಅದರ ಬೆನ್ನು ಹತ್ತುವವನು ಮಂತ್ರದ ಗಂಧವೇ ಇಲ್ಲದ, ಕುಡಿತಕ್ಕೆ ಬಿದ್ದ, ಪಹರೆಯ ನಾಯಕ ವೈಮ್ಸ್. ಕಥೆ ಸೊಗಸಾಗಿದೆ. ಆದರೆ ಈ ಬಡಪಾಯಿ ಕಾವಲುಗಾರನನ್ನು ನಮ್ಮ ಹಿಂದಿನವರು ಬಹಳ ಮೊದಲೇ ಕಂಡಿದ್ದರೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯಲು ಬರುವನು. ಮೈಗೆ ಯೋಗರೋಚನೆಯೆಂಬ ಲೇಪ. ಅದನ್ನು ಬಳಿದುಕೊಂಡವನು ಕಾವಲುಗಾರರ ಕಣ್ಣಿಗೆ ಬೀಳನು, ಆಯುಧ ತಗುಲಿದರೂ ನೋಯನು. ಇಷ್ಟೆಲ್ಲ ಇದ್ದರೂ ಒಳಗೆ ಹೆಜ್ಜೆಯ ಸಪ್ಪಳವಾದೊಡನೆ ಪಹರೆಯವರೇ ಬಂದರೋ ಎಂದು ಅವನ ಎದೆ ಹಾರುವುದು. ಬಂದವಳು ಮನೆಯ ದಾಸಿ! ಅದೇ ನಾಟಕದ ಆರನೆಯ ಅಂಕದಲ್ಲಿ ಸೆರೆಮನೆಯಿಂದ ಓಡಿಬಂದ ಆರ್ಯಕನು ಚಾರುದತ್ತನ ಬಂಡಿಯಲ್ಲಿ ಅಡಗಿರುವನು. ಬಂಡಿಯನ್ನು ತಡೆದ ಕಾವಲಿನ ಅಧಿಕಾರಿಗಳು ಇಬ್ಬರು, ವೀರಕ ಮತ್ತು ಚಂದನಕ. ಒಳಗೆ ಇಣಿಕಿದ ಚಂದನಕನು ಶರಣೆಂದವನಿಗೆ ಅಭಯವಿತ್ತುಬಿಡುವನು. ವೀರಕನು ತಾನೂ ನೋಡುವೆನೆಂದಾಗ ಕರ್ಣಾಟರ ರೀತಿಯ ಜಗಳವನ್ನು ಹೂಡುವೆನೆಂದು ನಿಶ್ಚಯಿಸಿ ಅವನ ಮೇಲೆ ಬೀಳುವನು. ನಮ್ಮವರ ಜಗಳದ ಕೀರ್ತಿಯು ಅಷ್ಟು ಹಿಂದೆಯೇ ಉಜ್ಜಯಿನಿಯವರೆಗೆ ಹಬ್ಬಿದ್ದುದಕ್ಕೆ ಹೆಮ್ಮೆಪಡಬೇಕೋ ನಾಚಬೇಕೋ ವಾಚಕರೇ ತೀರ್ಮಾನಿಸಲಿ. ಅಂತೂ ಸೆರೆಯಾಳು ಪಾರಾದುದು ಮಂತ್ರದಿಂದಲ್ಲ, ಕಾವಲುಗಾರನ ಕರುಣೆಯಿಂದ.

ಮಂತ್ರಕ್ಕೆ ಮರುಳಾಗುವ ಕಳ್ಳರನ್ನು ಮಂತ್ರದಿಂದಲೇ ಹಿಡಿಯುವ ಉಪಾಯವೊಂದನ್ನು ಕೌಟಿಲ್ಯನು ಹೇಳಿರುವನು. ಮೈಸೂರಿನ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಬೆಳಕಿಗೆ ತಂದ ‘ಅರ್ಥಶಾಸ್ತ್ರ’ದ ನಾಲ್ಕನೆಯ ಅಧಿಕರಣದಲ್ಲಿ ಈ ಪ್ರಸಂಗವಿದೆ. ಗೂಢಚಾರನು ಸಿದ್ಧನ ವೇಷದಿಂದ ಊರಿನ ದುಷ್ಟ ತರುಣರ ಬಳಿ ಸೇರಿ, ಬಾಗಿಲು ತೆರೆಯುವ, ಕಣ್ಮರೆಯಾಗುವ, ನಿದ್ರೆ ಬರಿಸುವ ಮಂತ್ರಗಳು ತನಗೆ ಬರುವುವೆಂದು ನಂಬಿಸಬೇಕು. ರಾತ್ರಿ ಅವರನ್ನು ಒಂದು ಹಳ್ಳಿಗೆ ಕರೆದೊಯ್ಯಬೇಕು. ಆ ಹಳ್ಳಿಯವರಿಗೆ ಮೊದಲೇ ಸಂಕೇತವಾಗಿರುವುದು. ಸಿದ್ಧನು ಮಂತ್ರ ಹೇಳಿದೊಡನೆ ಬಾಗಿಲು ತೆರೆಯುವುದು. ಎಚ್ಚರವಾಗಿರುವ ಪಹರೆಯವರು ಎದುರಿಗೆ ನಡೆದವರನ್ನು ಕಾಣದಂತಿರುವರು. ಮತ್ತೊಂದು ಮಂತ್ರಕ್ಕೆ ಗೊರಕೆ ಹೊಡೆಯುವರು. ಮಲಗಿರುವ ಮಂಚವನ್ನೇ ಆಚೆ ಸರಿಸಿದರೂ ಏಳರು! ಹೀಗೆ ನಂಬಿಕೆ ಹುಟ್ಟಿದ ಮೇಲೆ ಗುರುತು ಹಾಕಿದ ಒಡವೆಗಳಿರುವ ಮನೆಯಲ್ಲಿ ಅವರಿಂದಲೇ ಕದಿಯಿಸಿ ಹಿಡಿಯಬೇಕು. ಬಳಿಕ ಅವರನ್ನು ಪುರಜನರಿಗೆ ತೋರಿಸಿ, ಅರಸನಿಗೆ ಕಳ್ಳರನ್ನು ಹಿಡಿಯುವ ವಿದ್ಯೆಯೇ ಕೈವಶವಾಗಿದೆಯೆಂದು ಸಾರಬೇಕು. ಮಂಚದ ಮೇಲೆ ನಗು ತಡೆದುಕೊಂಡು ಮಲಗಿದ್ದ ಆ ಹಳ್ಳಿಯ ಪಹರೆಯವನನ್ನು ನೆನೆದರೆ ನಮಗೂ ನಗು ಬರುವುದು. ಆದರೆ ಕದಿಯದವನಿಗೆ ಕದಿಯುವ ದಾರಿ ತೋರಿಸಿ ಹಿಡಿಯುವುದು ನ್ಯಾಯವೇ ಎಂಬ ಸಂಶಯವೂ ಬಾರದಿರದು.

ಇನ್ನು ನಮ್ಮ ಕನ್ನಡದ ಕಥೆ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಮಿಥಿಲೆಯ ಅರಸು ವಾಮರಥನು. ಅವನ ತಳಾರನು ಯಮದಂಡ. ತಳಾರನೆಂದರೆ ಊರ ಕಾವಲಿನ ಅಧಿಕಾರಿ. ನಮ್ಮ ಹಳ್ಳಿಗಳ ತಳವಾರನೆಂಬ ಹೆಸರು ಇದರದೇ ಬಳಗದ್ದು. ಆ ಊರಿನ ಪಾಳುಗುಡಿಯೊಂದರಲ್ಲಿ ಹಗಲೆಲ್ಲ ಒಬ್ಬ ಕುಷ್ಠರೋಗಿ ಬಿದ್ದಿರುವನು. ಕತ್ತಲಾದೊಡನೆ ಅವನೇ ದಿವ್ಯರೂಪವನ್ನು ತಾಳಿ ಕಳವಿಗೆ ಹೊರಡುವನು. ಒಂದು ರಾತ್ರಿ ಅರಸನ ಹಾರವೇ ಹೋಯಿತು. ಏಳು ದಿನಗಳೊಳಗೆ ಕಳ್ಳನನ್ನು ತಾರದಿದ್ದರೆ ಅವನ ಶಿಕ್ಷೆ ನಿನಗೆ ಎಂದು ಅರಸನು ಯಮದಂಡನಿಗೆ ಆಜ್ಞಾಪಿಸಿದನು.

ಆ ಏಳು ದಿನಗಳಲ್ಲಿ ಯಮದಂಡನ ಮನೆಯಲ್ಲಿ ಒಲೆ ಹೇಗೆ ಉರಿದಿದ್ದೀತು, ಹೆಂಡತಿ ಮಕ್ಕಳು ಅವನ ಮುಖವನ್ನು ಹೇಗೆ ನೋಡಿದ್ದಾರು ಎಂದು ಸಂಸಾರಸ್ಥರಾದ ನಮಗೆ ತೋರದಿರದು. ಏಳನೆಯ ದಿನ ಅವನು ಆ ರೋಗಿಯನ್ನೇ ಎಳೆತಂದು ಇವನೇ ಕಳ್ಳನೆಂದನು. ರೋಗಿಯು ನಾನಲ್ಲವೆಂದನು. ರಾತ್ರಿಯೆಲ್ಲ ಮೂವತ್ತೆರಡು ಬಗೆಯ ಚಿತ್ರಹಿಂಸೆ ನಡೆಯಿತು. ಅವನು ಬಾಯಿ ಬಿಡಲಿಲ್ಲ. ಬೆಳಗಾದ ಮೇಲೆ, ಎಲ್ಲವನ್ನೂ ತಾಳಿಕೊಂಡ ಮೇಲೆ, ತಾನೇ ಕಳ್ಳನೆಂದು ಒಪ್ಪಿದನು! ಬೆರಗಾದ ಅರಸನು ವರವಿತ್ತಾಗ ಅವನು ಬೇಡಿದುದು ಯಮದಂಡನ ಪ್ರಾಣವನ್ನು. ಏಕೆಂದರೆ ಅವರಿಬ್ಬರೂ ಬಾಲ್ಯಸ್ನೇಹಿತರು. ವಿದ್ಯುಚ್ಚೋರನು ರಾಜಕುಮಾರ, ಯಮದಂಡನು ಅಲ್ಲಿಯ ತಳಾರನ ಮಗ. ಒಬ್ಬನು ಕಳವಿನ ಶಾಸ್ತ್ರವನ್ನು, ಮತ್ತೊಬ್ಬನು ಕಾವಲಿನ ಶಾಸ್ತ್ರವನ್ನು ಕಲಿತರು. ನೀನು ಕಾಯುವ ಊರಿನಲ್ಲಿಯೇ ಕದಿಯುವೆನೆಂದು ರಾಜಕುಮಾರನು ಶಪಥ ಮಾಡಿದ್ದನು. ಅದಕ್ಕಂಜಿ ಯಮದಂಡನು ದೂರದ ಮಿಥಿಲೆಗೆ ಬಂದು ನೌಕರಿ ಹಿಡಿದರೂ ಗೆಳೆಯನು ಬಿಡಲಿಲ್ಲ. ಮುಂದೆ ವಿದ್ಯುಚ್ಚೋರನು ದೀಕ್ಷೆ ಪಡೆದು ಋಷಿಯಾದನೆಂಬುದು ಕಥೆಯ ಫಲ.

ಕಥೆಗಾರನ ದೃಷ್ಟಿ ಋಷಿಯ ಕಡೆಗೆ. ನಮ್ಮ ದೃಷ್ಟಿ ಏಳನೆಯ ದಿನದ ಕಡೆಗೆ. ಪಾಳುಗುಡಿಯಲ್ಲಿದ್ದವನು ನಿಜವಾಗಿಯೂ ರೋಗಿಯೇ ಆಗಿದ್ದರೆ? ವೇಷ ಬದಲಿಸುವ ವಿದ್ಯೆಯುಳ್ಳ ಊರಿನಲ್ಲಿ ಯಾರ ಮೇಲಾದರೂ ಅನುಮಾನ ಪಡಬಹುದು, ಯಾರನ್ನಾದರೂ ಎಳೆತರಬಹುದು. ಮೂವತ್ತೆರಡು ಹಿಂಸೆಗಳಲ್ಲಿ ಮೂರನೆಯದಕ್ಕೇ ಹೌದೆನ್ನುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಮಾಯೆಯ ಬಲೆ ಬೀಸಬಲ್ಲ ಕೌಟಿಲ್ಯನೂ ಈ ಅಪಾಯವನ್ನು ಬಲ್ಲವನೇ. ಕಳ್ಳರ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕವನು, ಅವರಂತಹ ಉಡುಪು ತೊಟ್ಟವನು ಕಳ್ಳನೆನಿಸುವುದುಂಟು. ಆದುದರಿಂದ ಪೂರ್ಣವಾದ ಸಾಕ್ಷ್ಯವಿಲ್ಲದೆ ದಂಡಿಸಲಾಗದೆಂದು ಅವನು ವಿಧಿಸಿ, ಹಿಂಸೆಯ ಭಯದಿಂದ ತಾನೇ ಕಳ್ಳನೆಂದ ಅಣಿಮಾಂಡವ್ಯನನ್ನು ನಿದರ್ಶನವಾಗಿ ಕೊಡುವನು. ‘ಮಹಾಭಾರತ’ದಲ್ಲಿ ಕಥೆ ತುಸು ಬೇರೆ. ಅಲ್ಲಿ ಕಳ್ಳರು ಮಾಂಡವ್ಯನ ಆಶ್ರಮದಲ್ಲಿ ಒಡವೆಗಳನ್ನಿಟ್ಟು ಅಡಗುವರು. ಬೆನ್ನಟ್ಟಿ ಬಂದ ಕಾವಲುಗಾರರು ಕೇಳಿದಾಗ ಋಷಿಯು ಮೌನವ್ರತದಲ್ಲಿರುವನು. ಅರಸನು ಅವನನ್ನೂ ಕಳ್ಳರೊಡನೆ ಶೂಲಕ್ಕೇರಿಸುವನು. ತಪೋಬಲದಿಂದ ಅವನು ಸಾಯಲಿಲ್ಲ. ನಿಜ ತಿಳಿದ ಅರಸನು ಓಡಿಬಂದು ಕ್ಷಮೆ ಬೇಡಿ ಶೂಲವನ್ನು ಕೀಳಿಸಹೋದರೆ ಅದು ಬರಲಿಲ್ಲ. ಕೊನೆಗೆ ಬುಡದಲ್ಲಿ ಕತ್ತರಿಸಿದರು. ಉಳಿದ ತುದಿಯನ್ನು ಮೈಯೊಳಗೆ ಹೊತ್ತುಕೊಂಡೇ ಅವನು ಲೋಕದಲ್ಲಿ ಸಂಚರಿಸಿದನು. ಅಣಿಯೆಂದರೆ ಆ ತುದಿಯೇ.