ಡಾಂಬರಿನ ಕೆಳಗೊಂದು ಸಡಿಲ ಪದರ

ಆಂಬೋಲಿ ಘಾಟಿನಿಂದ ಗಡಹಿಂಗ್ಲಜ ಹಾದು ಸಂಕೇಶ್ವರದ ಕಡೆ ಬರುವವರಿಗೆ ನೆಲದ ಬಣ್ಣ ಬದಲಾಗುವುದು ಕಾಣುತ್ತದೆ. ಘಟ್ಟದ ಕೆಂಪು ಹಿಂದೆ ಬಿದ್ದು ಎರೆ ಶುರುವಾಗುತ್ತದೆ. ಇಚಲಕರಂಜಿಯ ಪಂಚಗಂಗೆಯ ದಂಡೆಯಲ್ಲಂತೂ ಕಪ್ಪೇ ಕಪ್ಪು. ಕಬ್ಬಿಗೆ ಹೇಳಿ ಮಾಡಿಸಿದ ಈ ಮಣ್ಣು ರಸ್ತೆಗೆ ಒಗ್ಗುವುದಿಲ್ಲ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ.

ಎರೆ ತೆಗೆದು ಗರಸು ತುಂಬುವುದು ಹಳೆಯ ದಾರಿ. ಸುಣ್ಣ ಬೆರೆಸುವುದು ಇನ್ನೊಂದು: ಸುಣ್ಣದ ಕ್ಯಾಲ್ಸಿಯಂ ಸೇರಿದರೆ ಜೇಡಿಯ ನೀರಿನ ದಾಹ ತಗ್ಗುತ್ತದೆ. ಸಿಮೆಂಟಿನ ಸರದಿ ಬಂದದ್ದು ಅಮೆರಿಕದಲ್ಲಿ. ನಮ್ಮಲ್ಲಿ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದ ಮರುವರ್ಷ, 1935ರಲ್ಲಿ, ದಕ್ಷಿಣ ಕೆರೊಲಿನಾದ ಜಾನ್ಸನ್‌ವಿಲ್ ಬಳಿ ಮಣ್ಣಿಗೆ ಸಿಮೆಂಟ್ ಬೆರೆಸಿ ರಸ್ತೆ ಮಾಡಿದರು.

ಆದರೆ ಗಟ್ಟಿಯಾದ ಪದರವೂ ಒಣಗುವಾಗ ಕುಗ್ಗುತ್ತದೆ. ಕೆಳಗಿನ ನೆಲ ಅದನ್ನು ಹಿಡಿದಿಟ್ಟಿರುತ್ತದೆ. ಎಳೆತ ತಾಳದೆ ಕೆಲವು ಮೀಟರಿಗೊಮ್ಮೆ ರಸ್ತೆಗೆ ಅಡ್ಡಲಾಗಿ ಸೀಳುತ್ತದೆ. ಜೇಡಿ ಹೆಚ್ಚಿದ್ದರೆ, ಕಲಸುವಾಗ ನೀರು ಹೆಚ್ಚಾದರೆ ಕುಗ್ಗುವಿಕೆಯೂ ಹೆಚ್ಚು. ವಿಚಿತ್ರವೆಂದರೆ, ಸಿಮೆಂಟ್ ಧಾರಾಳವಾಗಿ ಸುರಿದಷ್ಟೂ ಬಿರುಕು ಅಗಲ. ದುರ್ಬಲ ಪದರದಲ್ಲಿ ಹತ್ತಿರಹತ್ತಿರ ಕೂದಲೆಳೆಯಂಥ ಸೀಳುಗಳು. ಬಲಿಷ್ಠವಾದದ್ದರಲ್ಲಿ ದೂರದೂರ, ಆದರೆ ದೊಡ್ಡವು. ದೊಡ್ಡ ಸೀಳು ಡಾಂಬರನ್ನೂ ಸೀಳಿ ಮೇಲೆ ಬರುತ್ತದೆ. ಅದರೊಳಗೆ ಮಳೆನೀರು ಇಳಿದರೆ, ಲಾರಿ ಹಾದಾಗಲೆಲ್ಲ ಅಡಿಯ ಮಣ್ಣು ಕೆಸರಾಗಿ ಪಿಚಕಾರಿಯಂತೆ ಚಿಮ್ಮುತ್ತದೆ.

ಹೀಗಾಗಿ ಬಿರುಕನ್ನು ಇಲ್ಲವಾಗಿಸುವ ಹಟ ಬಿಟ್ಟು, ಅದು ಮೇಲೇರದಂತೆ ತಡೆಯುವ ಉಪಾಯ ಬಂತು. ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 37 ಕೈಪಿಡಿ 2012ರ ಪರಿಷ್ಕರಣೆಯಲ್ಲಿ ಸಿಮೆಂಟ್ ಬೆರೆತ ತಳಪದರಕ್ಕೂ ಡಾಂಬರಿಗೂ ನಡುವೆ 100 ಮಿಲಿಮೀಟರ್ ಜಲ್ಲಿಯ ಪದರ ತೋರಿಸಿತು. ಈ ಜಲ್ಲಿಗೆ ಸಿಮೆಂಟ್ ಹಾಕುವುದಿಲ್ಲ. ಅಂಟಿಲ್ಲದ ಕಲ್ಲುಗಳು ತುಸು ಸರಿದಾಡುತ್ತವೆ, ಕೆಳಗಿನ ಸೀಳು ಅಲ್ಲೇ ನಿಲ್ಲುತ್ತದೆ. ಆಸ್ಟ್ರಿಯದವರು ಇನ್ನೂ ಮುಂದೆ ಹೋದರು: ಹಾಕಿದ ಒಂದೆರಡು ದಿನಕ್ಕೇ ಎಳೆ ಪದರದ ಮೇಲೆ ಕಂಪಿಸುವ ರೋಲರ್ ಓಡಿಸಿ, ತಾವೇ ಸಣ್ಣ ಬಿರುಕುಗಳನ್ನು ಎಬ್ಬಿಸುತ್ತಾರೆ.

ಇಷ್ಟಾದರೂ ಮೊದಲ ವಾರ ಪದರ ಒಣಗದಂತೆ ನೋಡಿಕೊಳ್ಳಲೇಬೇಕು. ನಮ್ಮ ಕಡೆ ರಸ್ತೆ ಕೆಲಸ ಜೋರಾಗುವುದೇ ಮಳೆ ನಿಂತ ಮೇಲೆ, ಮೇ ತಿಂಗಳವರೆಗೆ. ಊರಿಗೇ ಟ್ಯಾಂಕರ್ ನೀರು ಬರುವ ಹೊತ್ತಿನಲ್ಲಿ ರಸ್ತೆಗೆ ನೀರು ಹೊಡೆಯಿರಿ ಎಂದರೆ ಗುತ್ತಿಗೆದಾರ ನಕ್ಕಾನು. ಡಾಂಬರಿನ ಎಮಲ್ಷನ್ ಸಿಂಪಡಿಸಿ ತೇವವನ್ನು ಒಳಗೇ ಹಿಡಿದಿಡುವ ದಾರಿಯೂ ಇದೆ; ಆದರೆ ಅದನ್ನು ಪದರ ಆರುವ ಮೊದಲೇ ಸಿಂಪಡಿಸಬೇಕು.