ಅರಮನೆ ಎದ್ದ ಮೇಲೆ ಉಳಿದ ಗವಿ

ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಗೆ ಮೊದಲು ಹತ್ತು ದಿನ ಬಿಡುವು ಸಿಕ್ಕರೆ ನಮ್ಮಂಥ ದ್ರಾಕ್ಷಿ ಬೆಳೆಗಾರರಿಗೆ ಅದೇ ದೊಡ್ಡ ರಜೆ. ವಿಜಯಪುರದ ಪಶ್ಚಿಮಕ್ಕೆ, ತಿಕೋಟಾ ಸೀಮೆಯಲ್ಲಿ ನಮ್ಮದು ಆರು ಎಕರೆ ತೋಟ. ಹಣ್ಣು ಒಣಗಿಸಿ ಮಣೂಕ ಮಾಡಿ ಮಾರುತ್ತೇವೆ. ಮಗಳು ಓದುತ್ತಿರುವುದು ಫ್ರಾನ್ಸಿನ ತೂರ್ ಎಂಬ ಊರಿನಲ್ಲಿ. ‘ಒಮ್ಮೆ ಬರ್ರಿ ಅಪ್ಪಾ, ಇಲ್ಲೂ ಊರ ತುಂಬ ದ್ರಾಕ್ಷಿನೇ ಅದ’ ಎಂದು ಎರಡು ವರ್ಷ ಕರೆದಿದ್ದಳು. ತೋಟವನ್ನು ಹೆಂಡತಿ ಮತ್ತು ತಮ್ಮನ ಕೈಗೆ ಒಪ್ಪಿಸಿ ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಹೊರಟೆ.

ತೂರ್ ಇರುವುದು ಲುವಾರ್ ನದಿಯ ದಂಡೆಯ ಮೇಲೆ. ಸುಮಾರು 1,000 ಕಿಲೋಮೀಟರ್ ಹರಿಯುವ ಇದು ಫ್ರಾನ್ಸಿನ ಅತಿ ಉದ್ದದ ನದಿ. ಪ್ಯಾರಿಸ್ಸಿನಿಂದ ವೇಗದ ರೈಲು ಹತ್ತಿದರೆ ಒಂದೂಕಾಲು ತಾಸಿನ ದಾರಿ. 15 ಮತ್ತು 16ನೇ ಶತಮಾನದಲ್ಲಿ ಫ್ರೆಂಚ್ ರಾಜರು ಪ್ಯಾರಿಸ್ಸಿಗಿಂತ ಈ ಕಣಿವೆಯಲ್ಲೇ ಹೆಚ್ಚು ಕಾಲ ಕಳೆದರು. ರಾಜ ಇದ್ದಲ್ಲಿ ಮಂತ್ರಿ, ಮಂತ್ರಿ ಇದ್ದಲ್ಲಿ ಸಾಹುಕಾರ. ಎಲ್ಲರೂ ಮನೆ ಕಟ್ಟಿಸಿದರು. ಆ ಮನೆಗಳೇ ಇವತ್ತಿನ ಶಾತೋಗಳು. ನದಿಯ ಉದ್ದಕ್ಕೂ ಸುಮಾರು 280 ಕಿಲೋಮೀಟರ್ ಭಾಗವನ್ನು ಯುನೆಸ್ಕೋ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಶಾತೋ ಎಂಬ ಮಾತು ನಮ್ಮ ಕಡೆಯವರನ್ನು ಗೊಂದಲಕ್ಕೆ ಬೀಳಿಸುತ್ತದೆ. ದಕ್ಷಿಣದ ಬೋರ್ಡೋ ಸೀಮೆಯಲ್ಲಿ ವೈನ್ ತಯಾರಿಸುವ ತೋಟಕ್ಕೇ ಶಾತೋ ಎನ್ನುತ್ತಾರೆ. ಅಲ್ಲಿರುವುದು ಸಾದಾ ತೋಟದ ಮನೆಯಾದರೂ ಸರಿ, ಬಾಟಲಿಯ ಮೇಲೆ ಶಾತೋ ಎಂದೇ ಬರೆದಿರುತ್ತದೆ. ಲುವಾರ್ ಕಡೆ ಹಾಗಲ್ಲ. ಅರಮನೆ ಬೇರೆ, ದ್ರಾಕ್ಷಿ ತೋಟ ಬೇರೆ. ತೋಟಕ್ಕೆ ದೊಮೇನ್ ಎಂದೂ ಬೆಳೆಗಾರನಿಗೆ ವಿನ್ಯರೋನ್ ಎಂದೂ ಹೆಸರು. ಬಂದವರಲ್ಲಿ ಹೆಚ್ಚಿನವರು ಅರಮನೆ ನೋಡಿ, ಅಂಗಡಿಯಲ್ಲಿ ಒಂದು ಬಾಟಲಿ ಕೊಂಡು ಹೊರಟುಬಿಡುತ್ತಾರೆ. ಅರಮನೆಯ ಬೆನ್ನಿಗೇ ತೋಟವನ್ನೂ ನೋಡದೆ ಬರಬೇಡಿ ಎನ್ನುತ್ತೇನೆ ನಾನು. ಯಾಕೆ ಎಂಬುದು ನನಗೂ ಮೂರನೆಯ ದಿನವೇ ತಿಳಿದದ್ದು.

ಮೊದಲ ದಿನ ಶಾಂಬೋರ್. ಇದಕ್ಕೆ ನೇರ ರೈಲಿಲ್ಲ, ಬ್ಲುವಾ ಪಟ್ಟಣದಲ್ಲಿಳಿದು ಬಸ್ಸು ಹಿಡಿಯಬೇಕು. 1519ರಲ್ಲಿ ಒಂದನೇ ಫ್ರಾನ್ಸುವಾ ಎಂಬ ಎಳೆಯ ರಾಜ ಬೇಟೆಗೆಂದು ಕಟ್ಟಿಸಲು ಶುರು ಮಾಡಿದ ಮನೆ. ನಾನೂರಕ್ಕೂ ಹೆಚ್ಚು ಕೋಣೆ, 77 ಮೆಟ್ಟಿಲುಸಾಲು, ಸುತ್ತ 32 ಕಿಲೋಮೀಟರ್ ಗೋಡೆ. ನಡುವಿನ ಮೆಟ್ಟಿಲು ಮಾತ್ರ ನಿಜಕ್ಕೂ ನೋಡತಕ್ಕದ್ದು: ಎರಡು ಸುರುಳಿಗಳು ಒಂದರೊಳಗೊಂದು ಸುತ್ತಿಕೊಂಡು ಏರುತ್ತವೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಮಗಳು ಹತ್ತಿದೆವು. ನಡುವಿನ ಕಿಂಡಿಗಳಲ್ಲಿ ಆಗಾಗ ಅವಳ ಮುಖ ಕಾಣುತ್ತಿತ್ತು, ಆದರೆ ತುದಿ ಮುಟ್ಟುವವರೆಗೂ ಎದುರಾಗಲೇ ಇಲ್ಲ. 32 ವರ್ಷ ಆಳಿದ ರಾಜ ಇಲ್ಲಿ ತಂಗಿದ್ದು ಎಲ್ಲ ಸೇರಿ ಎರಡೂವರೆ ತಿಂಗಳಿಗಿಂತ ಹೆಚ್ಚಿಲ್ಲ. ಬಾಳಿ ಬದುಕಿದ ಮನೆಯ ಕಳೆ ಅದಕ್ಕೆ ಬಂದಿಲ್ಲ ಅನ್ನಿಸಿತು.

ಆ ಕಳೆ ಇರುವುದು ಶೆನೊನ್ಸೋದಲ್ಲಿ. ತೂರ್‌ನಿಂದ ಅರ್ಧ ತಾಸಿನ ಪುಟ್ಟ ರೈಲು, ಅರಮನೆಯ ಬಾಗಿಲ ಹತ್ತಿರವೇ ಇಳಿಸುತ್ತದೆ. ಎರಡೂ ಬದಿ ಎತ್ತರದ ಮರಗಳಿರುವ ದಾರಿಯಲ್ಲಿ ನಡೆದರೆ ಎದುರಿಗೆ ಶೇರ್ ನದಿ, ನದಿಯ ಮೇಲೆ ಮನೆ. ದಂಡೆಯಲ್ಲಲ್ಲ, ನೀರಿನ ಮೇಲೆಯೇ. ಹಳೆಯ ಬೀಸುವ ಗಿರಣಿಯೊಂದರ ಬುನಾದಿಯ ಮೇಲೆ 1513ರಲ್ಲಿ ಕೆಲಸ ಶುರುವಾಯಿತು. ಕಟ್ಟಿಸಿದವನು ರಾಜನ ಖಜಾನೆ ನೋಡಿಕೊಳ್ಳುತ್ತಿದ್ದ ತೋಮಾ ಬೊಯೇ. ಅವನು ಯುದ್ಧದ ಬೆನ್ನುಹತ್ತಿ ಇಟಲಿಯಲ್ಲಿದ್ದಾಗ ಕೆಲಸ ನಿಂತು ನಡೆಸಿದವಳು ಹೆಂಡತಿ ಕ್ಯಾಥರಿನ್ ಬ್ರಿಸೊನೆ. ಮುಂದೆ ಎರಡನೇ ಆನ್ರಿ ರಾಜ ಇದನ್ನು ತನ್ನ ಪ್ರೇಯಸಿ ದಿಯಾನ್ ದ ಪ್ವಾತಿಯೇಗೆ ಕೊಟ್ಟ. ಮನೆಯಿಂದ ಆಚೆ ದಡಕ್ಕೆ ಸೇತುವೆ ಕಟ್ಟಿಸಿದವಳು ಅವಳು. 1559ರಲ್ಲಿ ರಾಜ ಸತ್ತದ್ದೇ ತಡ, ರಾಣಿ ಕ್ಯಾಥರಿನ್ ದ ಮೆಡಿಚಿ ದಿಯಾನಳನ್ನು ಇಲ್ಲಿಂದ ಎಬ್ಬಿಸಿ, ಬದಲಿಗೆ ಶೋಮೋಂ ಎಂಬ ಬೇರೆ ಅರಮನೆ ಕೊಟ್ಟಳು. ಆಮೇಲೆ ಅದೇ ಸೇತುವೆಯ ಮೇಲೆ 60 ಮೀಟರ್ ಉದ್ದದ ಹಜಾರ ಎಬ್ಬಿಸಿದಳು. ಒಬ್ಬಳು ಹಾಕಿದ ಸೇತುವೆಯ ಮೇಲೆ ಅವಳ ಸವತಿಯಂಥವಳು ಕಟ್ಟಿದ ಹಜಾರ ಅದು.

ಕಪ್ಪು ಬಿಳುಪು ಚೌಕಗಳ ಆ ನೆಲದ ಮೇಲೆ ನಾನು ಬಹಳ ಹೊತ್ತು ಅಡ್ಡಾಡಿದೆ. ಕಿಟಕಿಯಲ್ಲಿ ಬಗ್ಗಿದರೆ ಕೆಳಗೆ ಹಸಿರು ನೀರು ಹರಿಯುತ್ತಿತ್ತು. ರಾಣಿಯ ಕುಣಿತದ ಹಬ್ಬಗಳಿಗಿಂತ ಆಮೇಲಿನ ಸಂಗತಿಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. 1913ರಲ್ಲಿ ಅರಮನೆ ಚಾಕೊಲೇಟ್ ತಯಾರಕರಾದ ಮೆನಿಯೇ ಕುಟುಂಬದ ಕೈಗೆ ಬಂತು, ಇಂದಿಗೂ ಅವರದೇ. ಮರುವರ್ಷ ಮೊದಲ ಮಹಾಯುದ್ಧ ಶುರುವಾದಾಗ ಅವರು ಸ್ವಂತ ಖರ್ಚಿನಲ್ಲಿ ಈ ಹಜಾರದಲ್ಲೇ ಆಸ್ಪತ್ರೆ ತೆರೆದರು. ಯುದ್ಧ ಮುಗಿಯುವವರೆಗೆ ಎರಡು ಸಾವಿರಕ್ಕೂ ಹೆಚ್ಚು ಗಾಯಾಳು ಸೈನಿಕರು ಇಲ್ಲಿ ಮಲಗಿದ್ದರು, ಈ ಕಿಟಕಿಗಳ ಕೆಳಗೆ. ಎರಡನೇ ಯುದ್ಧದಲ್ಲಿ ಜರ್ಮನರು ಹಿಡಿದುಕೊಂಡ ಪ್ರದೇಶಕ್ಕೂ ಹಿಡಿಯದ ಪ್ರದೇಶಕ್ಕೂ ಈ ನದಿಯೇ ಗಡಿ. ಅರಮನೆಯ ಮುಂಬಾಗಿಲು ಜರ್ಮನರ ಕಡೆ, ಹಜಾರದ ಕೊನೆಯ ಬಾಗಿಲು ಆಚೆ ಕಡೆ. ಆ ಬಾಗಿಲು ದಾಟಿ ಜೀವ ಉಳಿಸಿಕೊಂಡವರಿದ್ದಾರೆ. ನಾನೂ ಅದೇ ಬಾಗಿಲು ದಾಟಿ ಆಚೆ ದಡದ ಮಣ್ಣಿನ ಮೇಲೆ ಕಾಲಿಟ್ಟೆ. ಕಾಡು, ಎಲೆ ಉದುರುವ ಸದ್ದು, ಅಷ್ಟೇ. ಅವರು ಇಲ್ಲಿಂದ ಯಾವ ಕಡೆ ಓಡಿರಬಹುದು ಎಂದು ನೋಡುತ್ತ ನಿಂತೆ.

ನಾನು ಹುಟ್ಟಿ ಬೆಳೆದ ಊರಿನಲ್ಲಿ ಕಟ್ಟಡವೆಂದರೆ ಕಪ್ಪು ಕಲ್ಲು. ಗೋಳಗುಮ್ಮಟವನ್ನು ಮುಟ್ಟಿದರೆ ಕೈಗೆ ಏನೂ ಹತ್ತುವುದಿಲ್ಲ. ಇಲ್ಲಿ ಹೊರಗೋಡೆಯ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಹತ್ತಿತು. ಈ ಕಲ್ಲಿಗೆ ತ್ಯುಫೋ ಎಂದು ಹೆಸರು. ಸುಮಾರು 9 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಆ ಕಾಲಘಟ್ಟಕ್ಕೆ ತೂರ್ ಊರಿನ ಹೆಸರನ್ನೇ ಇಟ್ಟು ಟ್ಯೂರೋನಿಯನ್ ಎನ್ನುತ್ತಾರೆ. ಮೆತ್ತಗಿರುವುದರಿಂದ ಕೊರೆಯಲು ಸಲೀಸು. ಅರಮನೆಗಳ ಮೇಲೆ ಅಷ್ಟು ಕುಸುರಿ ಕಾಣುವುದಕ್ಕೆ ಅದೇ ಕಾರಣ. ಆದರೆ ಮಳೆಯ ನೀರು ಕುಡಿದು ಕುಡಿದು ಸಿಪ್ಪೆ ಏಳುತ್ತದೆ. ಹಾಗಾಗಿ ದುರಸ್ತಿಗೆ ಕೊನೆಯೇ ಇಲ್ಲ; ಯಾವ ಅರಮನೆಗೆ ಹೋದರೂ ಒಂದು ಮೂಲೆಯಲ್ಲಿ ಅಟ್ಟಣಿಗೆ ಕಟ್ಟಿರುತ್ತದೆ.

ಇಷ್ಟು ಕಲ್ಲು ಎಲ್ಲಿಂದ ಬಂತು? ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಮೂರನೆಯ ದಿನ ವುವ್ರೇಗೆ ಹೋದೆ.

ತೂರ್‌ನಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್. ಲುವಾರ್‌ನ ಉತ್ತರ ದಂಡೆಯಲ್ಲಿ ಗೋಡೆಯಂತೆ ನಿಂತ ಬಿಳಿ ಬಂಡೆ. ಬಂಡೆಯಲ್ಲೇ ಬಾಗಿಲು, ಕಿಟಕಿ. ಮೇಲೆ ಹುಲ್ಲಿನ ನಡುವಿನಿಂದ ಹೊಗೆಗೂಡು. ಬಂಡೆಯ ನೆತ್ತಿಯ ಮೇಲೆ ದ್ರಾಕ್ಷಿ. ಮಗಳು ಮೊದಲೇ ಫೋನು ಮಾಡಿ ಸಮಯ ಕೇಳಿದ್ದಳು. ಸುಗ್ಗಿಯ ದಿನಗಳಲ್ಲಿ ಹೇಳದೆ ಕೇಳದೆ ಹೋದರೆ ಯಾರೂ ಸಿಗುವುದಿಲ್ಲ. ‘ಅಪ್ಪಾ, ಒಳಗ ಹೋದಕೂಡ್ಲೆ ಮೊದಲ ಬೋಂಜೂರ್ ಅನ್ರಿ. ಅದನ್ನ ಅನ್ನದ ಏನೂ ಕೇಳಬ್ಯಾಡ್ರಿ’ ಎಂದಳು. ಅಂದೆ. ಯಜಮಾನ ಐವತ್ತರ ಆಸುಪಾಸಿನವ, ಉಗುರಿನ ಸಂದಿಯಲ್ಲಿ ಮಣ್ಣು. ನಾನೂ ದ್ರಾಕ್ಷಿ ಬೆಳೆಯುವವ ಎಂದು ಮಗಳು ಹೇಳಿದ್ದೇ, ರುಚಿ ನೋಡುವ ಕೋಣೆ ಬಿಟ್ಟು ನೇರ ತೋಟಕ್ಕೆ ಕರೆದೊಯ್ದ.

ಅವರ ಬಳ್ಳಿ ಸೊಂಟದೆತ್ತರ ದಾಟುವುದಿಲ್ಲ, ಕೊಯ್ಯಲು ಬಗ್ಗಬೇಕು. ನಮ್ಮಲ್ಲಿ ಕತ್ತೆತ್ತಿ ಕೊಯ್ಯುತ್ತೇವೆ. ಅವರ ತಳಿ ಶೆನೆನ್, ಬೀಜವುಳ್ಳ ಸಣ್ಣ ಕಾಯಿ. ವುವ್ರೇ ಹೆಸರಿಗೆ 1936ರಿಂದ ಕಾನೂನಿನ ಕಾವಲಿದೆ, ನಮ್ಮ ಇಂಡಿ ಲಿಂಬೆಗೆ ಜಿಐ ಗುರುತು ಇರುವಂತೆ. ಆದರೆ ಇವರ ಕಟ್ಟಳೆ ಇನ್ನೂ ಬಿಗಿ. ಯಾವ ತಳಿ, ಎಕರೆಗೆ ಎಷ್ಟು ಇಳುವರಿ ಎಲ್ಲಕ್ಕೂ ಮಿತಿಯಿದೆ. ಫಲ ಕೊಡುವ ಬಳ್ಳಿಗೆ ಸಾಮಾನ್ಯವಾಗಿ ನೀರು ಹಾಯಿಸುವಂತೆಯೂ ಇಲ್ಲ. ಟ್ಯಾಂಕರಿನಲ್ಲಿ ನೀರು ತಂದು ಡ್ರಿಪ್ಪಿಗೆ ಬಿಟ್ಟು ಬಳ್ಳಿ ಉಳಿಸಿಕೊಂಡ ವರ್ಷಗಳನ್ನು ಕಂಡ ನನಗೆ ಇದನ್ನು ನಂಬಲು ಹೊತ್ತು ಹಿಡಿಯಿತು. ಅವನು ನೆಲ ತೋರಿಸಿದ. ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಅದೇ ಬಿಳಿ ಕಲ್ಲು. ಮಳೆ ಬಿದ್ದಾಗ ಕುಡಿದ ನೀರನ್ನು ಅದು ಬೇಸಿಗೆಯಲ್ಲಿ ಬೇರಿಗೆ ಬಿಟ್ಟುಕೊಡುತ್ತದೆ. ಅರಮನೆಯ ಗೋಡೆಯನ್ನು ಕೆಡಿಸುವ ಗುಣವೇ ಇಲ್ಲಿ ಬಳ್ಳಿಯನ್ನು ಸಾಕುತ್ತಿದೆ.

ಅವನು ಜೇಬಿನಿಂದ ಹಣ್ಣಿನ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ತೆಗೆದ. ನನ್ನ ಜೇಬಿನಲ್ಲೂ ಮನೆಯಲ್ಲಿರುವಾಗ ಅದೇ ಇರುತ್ತದೆ. ಕಾಯಿ ಹಿಂಡಿ ಒಂದು ಹನಿ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದೆವು, ಮೊದಲು ಅವನು, ಆಮೇಲೆ ನಾನು. ಬೀಜ ಅಗಿದು ತೋರಿಸಿದ. ಕಂದಾಗಿ ಕರುಂ ಎಂದರೆ ಹಣ್ಣು ಬಲಿತಿದೆ. ಇಲ್ಲಿ ಒಂದೇ ತೋಟದ ಹಣ್ಣಿನಿಂದ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ವೈನ್ ಮಾಡುತ್ತಾರೆ. ಚಳಿ ಹೆಚ್ಚಾಗಿ ಹುಳಿ ಉಳಿದರೆ ನೊರೆಯ ವೈನ್, ಬಿಸಿಲು ಚೆನ್ನಾಗಿ ಬಿದ್ದರೆ ಸಿಹಿಯಿಲ್ಲದ್ದು. ಅಕ್ಟೋಬರ್ ಒಣಗಿ ನಿಂತರೆ ಕೆಲವು ಗೊನೆ ಬಳ್ಳಿಯಲ್ಲೇ ಬಿಟ್ಟು ಹಣ್ಣು ಸುಕ್ಕುವವರೆಗೆ ಕಾಯುತ್ತಾರೆ, ನಾಲ್ಕಾರು ಸಲ ಸಾಲು ತಿರುಗಿ ಸುಕ್ಕಿದ್ದನ್ನಷ್ಟೇ ಕೊಯ್ಯುತ್ತಾರೆ. ಅದರಿಂದ ಸಿಹಿ ವೈನ್, ಹತ್ತಾರು ವರ್ಷ ಕೆಡದೆ ಇರುವಂಥದ್ದು. ಅರ್ಧ ಸುಕ್ಕಿದ ಒಂದು ಕಾಯಿ ಬಾಯಿಗೆ ಹಾಕಿಕೊಂಡೆ. ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿದ ನಾಲ್ಕನೇ ದಿನದ ನಮ್ಮ ಹಣ್ಣಿನ ರುಚಿ, ಜೊತೆಗೆ ನಾನು ಎಂದೂ ಕಾಣದ ಒಂದು ಹುಳಿ.

ಸಂಕಟಗಳೂ ಹೋಲುತ್ತವೆ. 2013ರ ಜೂನಿನಲ್ಲಿ ಆಲಿಕಲ್ಲು ಬಿದ್ದು ವುವ್ರೇಯ ದೊಡ್ಡ ಭಾಗ ನೆಲ ಕಚ್ಚಿತು. 2021ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ದೇಶದ ತುಂಬ ಎಳೆ ಚಿಗುರು ಸುಟ್ಟಿತು. ಅಂಥ ರಾತ್ರಿಗಳಲ್ಲಿ ಸಾಲು ಸಾಲಿಗೆ ದೊಡ್ಡ ಮೇಣದ ಡಬ್ಬಿ ಹಚ್ಚಿ ತೋಟ ಕಾಯುತ್ತಾರೆ. 19ನೇ ಶತಮಾನದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹೇನು ಬಂದು ಫ್ರಾನ್ಸಿನ ತೋಟಗಳೆಲ್ಲ ಸಾಯುತ್ತ ಬಂದಾಗ, ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿ ಉಳಿಸಿಕೊಂಡರು. ನಮ್ಮ ತೋಟದ ಬೇರು ಡಾಗ್‌ರಿಡ್ಜ್, ಅದೂ ಅಮೆರಿಕದ್ದೇ. ನಾವು ಕಟ್ಟಿದ್ದು ಬರಕ್ಕೆ, ಉಪ್ಪು ನೀರಿಗೆ ಹೆದರಿ.

‘ನಿಮ್ಮ ಬಳ್ಳಿ ಮಲಗುವುದು ಯಾವಾಗ?’ ಎಂದು ಅವನು ಕೇಳಿದ. ಅವರಲ್ಲಿ ಚಳಿಗಾಲ ಪೂರ್ತಿ ಬಳ್ಳಿ ಬೋಳಾಗಿ ನಿದ್ದೆ ಹೋಗುತ್ತದೆ, ಆಗ ಒಂದೇ ಸಲ ಸವರುತ್ತಾರೆ. ನಮ್ಮಲ್ಲಿ ಅಂಥ ಚಳಿ ಎಲ್ಲಿ? ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಸುಗ್ಗಿ ಮುಗಿದ ಮೇಲೆ ನೀರು ಕಡಿಮೆ ಮಾಡಿ ತಿಂಗಳೊಪ್ಪತ್ತು ಬಿಡುತ್ತೇವಲ್ಲ, ಅಷ್ಟೇ ಅದರ ವಿಶ್ರಾಂತಿ ಎಂದೆ. ಮಗಳು ಅದನ್ನು ಫ್ರೆಂಚಿನಲ್ಲಿ ಹೇಳಿದಾಗ ಅವನು ಪಕ್ಕದ ಬಳ್ಳಿಯ ಕಾಂಡದ ಮೇಲೆ ಕೈಯಿಟ್ಟು ಸುಮ್ಮನೆ ನಿಂತ.

ಆಮೇಲೆ ಗವಿಗೆ ಇಳಿದೆವು. ಬಾಗಿಲು ದಾಟುತ್ತಲೇ ತಂಪು, ವರ್ಷವಿಡೀ ಸುಮಾರು 12 ಡಿಗ್ರಿ. ಎರಡೂ ಬದಿ ಓಕ್ ಪೀಪಾಯಿ, ಒಳಗೊಳಗೆ ಬಾಟಲಿಗಳ ಗೋಡೆ, ಗೋಡೆಯ ತುಂಬ ಗುದ್ದಲಿಯ ಗೆರೆ. ಇದು ವೈನಿಗೆಂದು ತೋಡಿದ ಗವಿ ಅಲ್ಲ, ಕಲ್ಲುಗಣಿ. ಇಂಥ ಗಣಿಗಳಿಂದಲೇ ಕಣಿವೆಯ ಅರಮನೆ, ಇಗರ್ಜಿ, ಪೇಟೆಯ ಮನೆಗಳಿಗೆ ಕಲ್ಲು ಹೋಯಿತು; ಚಪ್ಪಟೆ ತಳದ ದೋಣಿಗಳಲ್ಲಿ ತುಂಬಿ ಹೊಳೆಯಲ್ಲೇ ಸಾಗಿಸಿದರು. ಉಳಿದ ಪೊಳ್ಳಿನಲ್ಲಿ ಗಣಿಯಾಳುಗಳು ಸಂಸಾರ ಹೂಡಿದರು, ಬೆಳೆಗಾರರು ಪೀಪಾಯಿ ಇಟ್ಟರು. ಸೋಮ್ಯೂರ್ ಕಡೆ ಅಣಬೆಯನ್ನೂ ಬೆಳೆಯುತ್ತಾರೆ. ಅರಮನೆಗಳಲ್ಲಿ ರಾಜರಿಲ್ಲದೆ ಎಷ್ಟೋ ಕಾಲವಾಯಿತು. ಕಲ್ಲು ಕೊಟ್ಟು ಬರಿದಾದ ಗವಿಗಳಲ್ಲಿ ಇವತ್ತೂ ಕೆಲಸ ನಡೆದಿದೆ.

ನಾನು ಕುಡಿಯುವವನಲ್ಲ. ಹೇಳಿದೆ, ಯಾರೂ ಬೇಸರಿಸಲಿಲ್ಲ. ಆಗ ತಾನೇ ಹಿಂಡಿದ, ಇನ್ನೂ ಹುಳಿಯದ ರಸ ಒಂದು ಲೋಟ ಕೊಟ್ಟ. ಕುಡಿಯುವವರಿಗೂ ಅಲ್ಲಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ರುಚಿ ನೋಡಿ ಉಗುಳುವುದು ಅವಮಾನವಲ್ಲ, ಕಸುಬಿನ ರೀತಿ. ಕಾರು ನಡೆಸಿ ಹೋಗುವವರಿಗಂತೂ ಅದು ಬೇಕೇ ಬೇಕು, ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯ ಮುಟ್ಟಿದರೆ ದಂಡ. ನಾವು ಬಸ್ಸಿನಲ್ಲಿ ಬಂದಿದ್ದೆವು.

ಹೊರಡುವಾಗ ಅವನು ಕಾಗದದ ಚೀಲದಲ್ಲಿ ಎರಡು ಗೊನೆ ಹಾಕಿಕೊಟ್ಟ. ಸಂಜೆ ತೂರ್‌ನಲ್ಲಿ ಇಗರ್ಜಿಯ ಹತ್ತಿರದ ಹಳೆಯ ಓಣಿಯೊಂದರಲ್ಲಿ ಕಟ್ಟೆಯ ಮೇಲೆ ಕೂತು ಅದನ್ನು ತಿಂದೆವು. ಬೀಜಗಳನ್ನು ಮಗಳು ಕಾಗದದಲ್ಲಿ ಕಟ್ಟಿಟ್ಟಳು. ಎದ್ದಾಗ ನೋಡಿದರೆ, ಗೋಡೆಗೆ ಒರಗಿದ್ದ ಅವಳ ನೀಲಿ ಸ್ವೆಟರಿನ ಬೆನ್ನ ತುಂಬ ಬಿಳಿ ಪುಡಿ. ‘ತಡೀ ಯವ್ವಾ’ ಎಂದು ಕೈಯಿಂದ ಝಾಡಿಸಿದೆ. ಪೂರ್ತಿ ಹೋಗಲಿಲ್ಲ.